ಮಗ ಜೊತೆಗಿದ್ದರೆ ತಾಯಿಗೆ ಲೋವರ್ ಬರ್ತ್ ಇಲ್ಲವೇ?

ಮಾನ್ಯ ಸಂಪಾದಕರೇ,

ದೂರದ ರೈಲು ಪ್ರಯಾಣಕ್ಕೆ ಟಿಕೆಟ್ ಕಾಯ್ದಿರಿಸುವಾಗ ವಯಸ್ಸಾದವರಿಗೆ ಲೋವರ್ ಬರ್ತ್ ಸಿಗಲೆಂದು ರೈಲ್ವೆಯು ಪ್ರತ್ಯೇಕ ಕೋಟಾ ಇಟ್ಟಿರುವುದು ಬಹಳ ಮಂದಿಗೆ ಗೊತ್ತು. ಮನೆಯವರೊಡನೆ ಒಂದೇ ಟಿಕೆಟ್ಟಿನಲ್ಲಿ ಹೊರಟ ವೃದ್ಧರಿಗೆ ಆ ಕೋಟಾ ದಕ್ಕುವುದಿಲ್ಲ ಎಂಬುದು ಮಾತ್ರ ಸಾಮಾನ್ಯವಾಗಿ ಟಿಕೆಟ್ ಕೈಗೆ ಬಂದ ಮೇಲೆ ತಿಳಿಯುವ ಸಂಗತಿ. ನನಗೂ ಹಾಗೆಯೇ ತಿಳಿಯಿತು.

ಎಪ್ಪತ್ತಾರು ವರ್ಷದ ನನ್ನ ತಾಯಿಯವರನ್ನು ಕಾಶಿಗೆ ಕರೆದುಕೊಂಡು ಹೋಗಲು ತಾಯಿ, ನಾನು, ನನ್ನ ಪತ್ನಿ ಮತ್ತು ಮಗಳು, ಹೀಗೆ ನಾಲ್ವರ ಹೆಸರನ್ನೂ ಒಂದೇ ಟಿಕೆಟ್ಟಿನಲ್ಲಿ ಸೇರಿಸಿ, ತಾಯಿಯ ವಯಸ್ಸನ್ನು ಸರಿಯಾಗಿ ನಮೂದಿಸಿ, ಅವರ ಹೆಸರಿನ ಮುಂದೆ ಲೋವರ್ ಎಂದು ಆಯ್ಕೆ ಮಾಡಿದ್ದೆ. ಬಂದದ್ದು ಎರಡು ಮಿಡ್ಲ್, ಒಂದು ಅಪ್ಪರ್, ಒಂದು ಸೈಡ್ ಅಪ್ಪರ್. ನಿಯಮವನ್ನು ಮೊದಲೇ ಓದದಿದ್ದುದು ನನ್ನ ತಪ್ಪು, ಒಪ್ಪುತ್ತೇನೆ. ಆಮೇಲೆ ಓದಿದಾಗ ತಿಳಿದದ್ದಿಷ್ಟು: 60 ವರ್ಷ ತುಂಬಿದ ಪುರುಷರು, 45 ವರ್ಷ ತುಂಬಿದ ಮಹಿಳೆಯರು ಮತ್ತು ಗರ್ಭಿಣಿಯರು ಒಬ್ಬರೇ ಪ್ರಯಾಣಿಸುವಾಗ, ಇಲ್ಲವೇ ಅಂಥ ಅರ್ಹರು ಇಬ್ಬರೇ ಒಂದು ಟಿಕೆಟ್ಟಿನಲ್ಲಿರುವಾಗ ಮಾತ್ರ ಈ ಕೋಟಾ ಅನ್ವಯಿಸುತ್ತದೆ; ಅರ್ಹತೆ ಇಲ್ಲದ ಒಬ್ಬರು ಜೊತೆಗೆ ಸೇರಿದರೂ, ಅರ್ಹರೇ ಮೂವರಾದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಗಟ್ಟಿಮುಟ್ಟಾಗಿ ಒಂಟಿಯಾಗಿ ಓಡಾಡಬಲ್ಲ ಹಿರಿಯರಿಗೆ ಸಿಗುವ ಸೌಲಭ್ಯ, ಮಗನ ಕೈ ಹಿಡಿಯದೆ ಬೋಗಿ ಹತ್ತಲಾರದ ಹಿರಿಯರಿಗೆ ತಪ್ಪಿಹೋಗುತ್ತದೆ.

ಹಾಗಾದರೆ ಎರಡು ಟಿಕೆಟ್ ಮಾಡಿಸಬಹುದಲ್ಲ ಎಂದು ಕೌಂಟರಿನಲ್ಲಿ ಸಾಲು ನಿಂತವರೊಬ್ಬರು ನನಗೆ ಹೇಳಿದರು. ಮಾಡಿಸಬಹುದು, ಆದರೆ ಪಿಎನ್‌ಆರ್ (ಟಿಕೆಟ್ಟಿನ ಗುರುತು ಸಂಖ್ಯೆ) ಬೇರೆಯಾದರೆ ಬೋಗಿಯೂ ಬೇರೆಯಾಗಬಹುದು. ತಾಯಿ ಎಸ್‌2ರಲ್ಲಿ, ಮಗ ಎಸ್‌7ರಲ್ಲಿ ಆದರೆ ಮಾತ್ರೆ ಕೊಡಲು ರಾತ್ರಿ ನಾಲ್ಕು ಬೋಗಿ ದಾಟಿ ನಡೆಯಬೇಕು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕೋಟಾದಲ್ಲಿ ತಾಯಿಯ ಬರ್ತ್ ಖಚಿತವಾಗಿ, ಸಾಮಾನ್ಯ ಕೋಟಾದಲ್ಲಿ ಮಗ ವೇಟಿಂಗ್ ಲಿಸ್ಟಿನಲ್ಲೇ ಉಳಿದರೆ, ಚಾರ್ಟ್, ಅಂದರೆ ರೈಲು ಹೊರಡುವ ಮುನ್ನ ತಯಾರಾಗುವ ಪ್ರಯಾಣಿಕರ ಅಂತಿಮ ಪಟ್ಟಿ, ಸಿದ್ಧವಾದ ಕೂಡಲೇ ಆನ್‌ಲೈನಿನಲ್ಲಿ ಪಡೆದ ಮಗನ ಟಿಕೆಟ್ ತಾನಾಗಿ ರದ್ದಾಗುತ್ತದೆ. ಆಗ ತಾಯಿಯನ್ನು ಒಬ್ಬರೇ ಕಳಿಸಬೇಕು, ಇಲ್ಲವೇ ಅವರ ಖಚಿತ ಟಿಕೆಟ್ಟನ್ನೂ ಹಣ ಕಳೆದುಕೊಂಡು ರದ್ದು ಮಾಡಬೇಕು. ಲೋವರ್ ಬರ್ತ್ ಸಿಕ್ಕರೆ ಮಾತ್ರ ಟಿಕೆಟ್ ಕೊಡಿ ಎಂಬ ಆಯ್ಕೆಯೂ ರೈಲ್ವೆ ಟಿಕೆಟ್ಟಿನ ಜಾಲತಾಣದಲ್ಲಿ ಇದೆ. ಅದನ್ನು ಒತ್ತಿದಾಗ ಲೋವರ್ ಇಲ್ಲದಿದ್ದರೆ ಟಿಕೆಟೇ ಆಗುವುದಿಲ್ಲ; ಅಷ್ಟರಲ್ಲಿ ಉಳಿದಿದ್ದ ಬರ್ತ್‌ಗಳೂ ಹೋಗಿರುತ್ತವೆ. ಹಬ್ಬ, ಬೇಸಿಗೆ ರಜೆಗಳಲ್ಲಿ, 60 ದಿನ ಮುಂಚಿತವಾಗಿ ಬುಕಿಂಗ್ ತೆರೆಯುವ ಬೆಳಗ್ಗೆ ಎಂಟು ಗಂಟೆಗೆ ಮೊಬೈಲ್ ಹಿಡಿದು ಕೂತವರಿಗೆ ಇದೆಲ್ಲ ಅನುಭವಕ್ಕೆ ಬಂದೇ ಇರುತ್ತದೆ.

ಸ್ಥಳವೇ ಕಡಿಮೆ ಎನ್ನುವುದು ನಿಜ. ಹಳೆಯ ಮಾದರಿಯ ಸ್ಲೀಪರ್ ಬೋಗಿಯ 72 ಬರ್ತ್‌ಗಳಲ್ಲಿ ಸೈಡ್ ಲೋವರ್ ಸೇರಿ ಕೆಳಗಿನವು 27; ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಬೋಗಿಯ 80ರಲ್ಲಿ 30. ಇವುಗಳಲ್ಲಿ ಹಿರಿಯರ ಕೋಟಾಕ್ಕೆ ಮೀಸಲಾದವು ಸ್ಲೀಪರ್ ಬೋಗಿಯೊಂದಕ್ಕೆ ಆರೋ ಏಳೋ, ಮೂರು ಹಂತದ ಎ.ಸಿ. ಬೋಗಿಯಲ್ಲಿ ನಾಲ್ಕೋ ಐದೋ. ಆರ್‌ಎಸಿಯವರನ್ನು, ಅಂದರೆ ಪೂರ್ತಿ ಬರ್ತ್ ಸಿಗದೆ ಕೂರಲು ಮಾತ್ರ ಜಾಗ ಸಿಕ್ಕವರನ್ನು, ಇಬ್ಬಿಬ್ಬರಂತೆ ಕೂರಿಸುವುದೂ ಸೈಡ್ ಲೋವರ್‌ಗಳಲ್ಲೇ. ಇಷ್ಟು ಸಣ್ಣ ಪಾಲನ್ನು ಹಂಚುವಾಗ 45 ದಾಟಿದ, ದಿನವೂ ಕಚೇರಿಗೆ ಬಸ್ ಹಿಡಿದು ಹೋಗುವ ಮಹಿಳೆಯನ್ನೂ 80 ದಾಟಿದ ಅಜ್ಜಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ನನಗೆ ಸರಿಕಾಣುವುದಿಲ್ಲ. ನನ್ನ ಪತ್ನಿಯೂ ಆ ಅರ್ಹರ ಪೈಕಿಯೇ. ಈ ಮಾತಿಗೆ ಅವರ ಆಕ್ಷೇಪವಿದೆ ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ.

ಅಜ್ಜಿಯೊಬ್ಬರ ಹೆಸರು ಸೇರಿಸಿ ಒಂದೇ ಟಿಕೆಟ್ಟಿನ ಆರೂ ಜನ ಲೋವರ್ ಬರ್ತ್ ಗಿಟ್ಟಿಸಿಕೊಂಡಾರು ಎಂಬ ಅಂಜಿಕೆಯಿಂದ ಈ ನಿಯಮ ಬಂದಿರಬಹುದು. ಆ ಅಂಜಿಕೆ ಸುಳ್ಳಲ್ಲ. ಆದರೆ ಅದಕ್ಕೆ ಪರಿಹಾರ ಸುಲಭವಾಗಿದೆ: ಟಿಕೆಟ್ಟಿನಲ್ಲಿರುವ ಅರ್ಹ ವ್ಯಕ್ತಿಗೆ ಕೋಟಾದಿಂದ ಒಂದು ಲೋವರ್ ಕೊಟ್ಟು, ಜೊತೆಗಿರುವವರಿಗೆ ಅದೇ ಬೋಗಿಯಲ್ಲಿ ಸಾಮಾನ್ಯ ಕೋಟಾದ ಯಾವುದೇ ಬರ್ತ್ ಕೊಟ್ಟರೆ ಸಾಕು. ನಾವು ಅಟ್ಟದ ಮೇಲೆ ಮಲಗಲು ಸಿದ್ಧ. ಇದೂ ಕೂಡದೆಂದರೆ, ಎರಡು ಪಿಎನ್‌ಆರ್‌ಗಳನ್ನು ಒಂದಕ್ಕೊಂದು ಜೋಡಿಸಿ, ಒಂದು ಖಚಿತವಾಗಿ ಇನ್ನೊಂದು ಆಗದಿದ್ದರೆ ಎರಡನ್ನೂ ಪೂರ್ತಿ ಹಣದೊಂದಿಗೆ ಹಿಂಪಡೆಯುವ ಅವಕಾಶವಾದರೂ ಇರಲಿ.

ಬರ್ತ್ ಯಾವುದೆಂದು ಹಣ ಕಟ್ಟುವ ಮೊದಲೇ ತೋರಿಸಬೇಕೆಂಬುದು ನನ್ನ ಎರಡನೆಯ ಕೋರಿಕೆ. ನಮ್ಮ ರಾಜ್ಯದ ಸಾರಿಗೆ ಬಸ್ಸಿಗೆ ಆನ್‌ಲೈನಿನಲ್ಲಿ ಟಿಕೆಟ್ ತೆಗೆಯುವಾಗ ಆಸನಗಳ ನಕ್ಷೆ ಕಾಣುತ್ತದೆ, ಕಿಟಕಿಯ ಪಕ್ಕದ್ದನ್ನು ಬೆರಳಿಟ್ಟು ಆರಿಸಿಕೊಳ್ಳುತ್ತೇವೆ. ರೈಲಿನಲ್ಲಿ ಹೀಗೆ ಮಾಡಿದರೆ ಬೋಗಿಯ ಸಮತೋಲನ ತಪ್ಪುತ್ತದೆ ಎಂಬ ವಿವರಣೆ ವಾಟ್ಸ್‌ಆ್ಯಪಿನಲ್ಲಿ ವರ್ಷಗಳಿಂದ ಸುತ್ತುತ್ತಿದೆ. ಟ್ರಂಕು, ಅಕ್ಕಿಮೂಟೆಗಳನ್ನು ಎಲ್ಲಿ ಇಡಬೇಕೆಂದು ಯಾರೂ ಕೇಳದ ಬೋಗಿಯಲ್ಲಿ ಮನುಷ್ಯರ ತೂಕದ್ದೇ ಇಷ್ಟು ಚಿಂತೆಯೇ ಎಂದು ನನಗೆ ನಗು ಬರುತ್ತದೆ. ನಿಜವಾದ ತೊಡಕು ಬೇರೆ: ಹುಬ್ಬಳ್ಳಿಯಲ್ಲಿ ಒಬ್ಬರು ಇಳಿದ ಬರ್ತನ್ನು ಅಲ್ಲಿಂದ ಮುಂದಕ್ಕೆ ಇನ್ನೊಬ್ಬರಿಗೆ ಕೊಡಬೇಕಾಗುತ್ತದೆ, ಹಲವು ನಿಲ್ದಾಣಗಳಿಗೆ ಅವುಗಳದ್ದೇ ಪಾಲು ಇರುತ್ತದೆ. ಆದರೂ ಅದು ಅಸಾಧ್ಯವಲ್ಲ. ಚಾರ್ಟ್ ತಯಾರಾದ ಮೇಲೆ ಯಾವ ಬರ್ತ್ ಯಾವ ನಿಲ್ದಾಣದಿಂದ ಯಾವ ನಿಲ್ದಾಣದವರೆಗೆ ಖಾಲಿ ಎಂಬುದನ್ನು ಬೋಗಿಯ ನಕ್ಷೆಯ ಸಮೇತ ಅದೇ ಜಾಲತಾಣ ತೋರಿಸುತ್ತದೆ. ಹೊರಡುವ ಹೊತ್ತಿಗೆ ಕಾಣುವ ನಕ್ಷೆ ಎರಡು ತಿಂಗಳ ಮೊದಲೇ ಏಕೆ ಕಾಣಬಾರದು?

2025ರ ಜೂನ್ ಕೊನೆಯಲ್ಲಿ ರೈಲ್ವೆ ಸಚಿವಾಲಯವು ಕಾಯ್ದಿರಿಸುವ ವ್ಯವಸ್ಥೆಯನ್ನು ಮೇಲ್ದರ್ಜೆಗೇರಿಸುವುದಾಗಿ ಪ್ರಕಟಿಸಿತು. ನಿಮಿಷಕ್ಕೆ 32,000 ಟಿಕೆಟ್‌ಗಳ ಸಾಮರ್ಥ್ಯವನ್ನು ಒಂದೂವರೆ ಲಕ್ಷಕ್ಕೆ ಏರಿಸುವುದು, ಹಲವು ಭಾಷೆಗಳಲ್ಲಿ ಸೇವೆ, ಪ್ರಯಾಣಿಕರು ತಮ್ಮ ಆಸನದ ಆಯ್ಕೆಯನ್ನು ಸಲ್ಲಿಸುವ ಸೌಲಭ್ಯ ಇವೆಲ್ಲ ಅದರಲ್ಲಿದ್ದವು. ಅಂಗವಿಕಲರು, ವಿದ್ಯಾರ್ಥಿಗಳು, ರೋಗಿಗಳಿಗೆ ಸಂಬಂಧಿಸಿದ ಸೌಲಭ್ಯಗಳ ಪ್ರಸ್ತಾಪವೂ ಇತ್ತು. ವೇಗ ಹೆಚ್ಚುವುದು ಸಂತೋಷವೇ. ಆದರೆ ಆಯ್ಕೆಯನ್ನು ಸಲ್ಲಿಸುವುದು ಒಂದು, ಆರಿಸಿದ್ದು ಸಿಗುವುದು ಇನ್ನೊಂದು. ಸಲ್ಲಿಸುವ ಅವಕಾಶ ಕೌಂಟರಿನ ಅರ್ಜಿ ಚೀಟಿಯಲ್ಲಿ ಬಹಳ ಹಿಂದಿನಿಂದಲೂ ಇದೆ. ಇಬ್ಬರೇ ಎಂಬ ಆ ನಿಯಮ ಹಾಗೆಯೇ ಉಳಿದರೆ ಹೊಸ ಯಂತ್ರವೂ ನನ್ನ ತಾಯಿಗೆ ಮಿಡ್ಲ್ ಬರ್ತನ್ನೇ ಕೊಡುತ್ತದೆ, ಇನ್ನಷ್ಟು ಬೇಗ.

ಖಾಲಿ ಉಳಿದ ಲೋವರ್ ಬರ್ತನ್ನು ಮೇಲಿನ ಬರ್ತ್ ಸಿಕ್ಕ ಹಿರಿಯರಿಗೆ ಕೊಡುವ ಅಧಿಕಾರ ಟಿಟಿಇಗಳಿಗೆ (ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವವರಿಗೆ) ಇದೆ ಎಂದು ಇಲಾಖೆ ಹೇಳುತ್ತದೆ. ತುಂಬಿದ ರೈಲಿನಲ್ಲಿ ಖಾಲಿ ಉಳಿಯುವುದೆಲ್ಲಿ? ಕೊನೆಗೆ ಅದು ಸಹಪ್ರಯಾಣಿಕರ ಸೌಜನ್ಯಕ್ಕೆ ಬಿಟ್ಟ ವಿಷಯವಾಗುತ್ತದೆ. ನಮ್ಮ ಕಾಶಿ ಪ್ರಯಾಣದಲ್ಲಿ, ಎದುರಿನ ಲೋವರ್ ಬರ್ತಿನಲ್ಲಿದ್ದ ಕಾಲೇಜು ಹುಡುಗನೊಬ್ಬ ನಾವು ಕೇಳುವ ಮೊದಲೇ ಎದ್ದು, ತನ್ನ ಚೀಲವನ್ನು ಮಿಡ್ಲ್ ಬರ್ತಿಗೆ ಎಸೆದು, ಕೂತ್ಕೊಳ್ಳಿ ಅಜ್ಜಿ ಎಂದ. ಹಿಂದಿರುಗುವಾಗ ಕೆಳಗಿದ್ದವರಿಗೆ ಸೊಂಟನೋವು. ಅವರನ್ನು ಅಡ್ಜಸ್ಟ್ ಮಾಡಿಕೊಳ್ಳಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ರಾತ್ರಿ ಹತ್ತಕ್ಕೆ ಮಿಡ್ಲ್ ಬರ್ತ್ ಎತ್ತಿ ಕಟ್ಟಿ ತಾಯಿಯವರನ್ನು ಹತ್ತಿಸಿದೆವು. ಬೆಳಗ್ಗೆ ಆರಕ್ಕೆ ಇಳಿಸುವವರೆಗೆ ಅವರು ಶೌಚಾಲಯಕ್ಕೂ ಇಳಿಯಲಿಲ್ಲ, ನೀರನ್ನೂ ಕುಡಿಯಲಿಲ್ಲ.

– ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ