ಶಾಲು ಸಾಕು ಸಾಹೇಬರೇ, ಅರ್ಜಿ ಮುಂದೆ ಕಳಿಸಿ

ಮುಂಬೈ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ.

ಈ ವಿಷಯವನ್ನು ಮರಾಠಿಯಲ್ಲಿ ಬರೆದು ನಿಮ್ಮ ಕಚೇರಿಗೆ ಕೊಟ್ಟಾಯಿತು, ಇಂಗ್ಲಿಷಿನಲ್ಲಿ ಇಮೇಲ್ ಮಾಡಿದ್ದೂ ಆಯಿತು. ಎರಡಕ್ಕೂ ಉತ್ತರವಿಲ್ಲ. ಕಳೆದ ಚುನಾವಣೆಯಲ್ಲಿ ನಮ್ಮ ಓಣಿಯ ಮನೆಮನೆಗೆ ನಿಮ್ಮ ಕರಪತ್ರ ಕನ್ನಡದಲ್ಲೇ ಬಂದಿತ್ತು. ಒಂದೂ ತಪ್ಪಿಲ್ಲದ ಕನ್ನಡ. ಅದನ್ನು ಬರೆದುಕೊಟ್ಟವರು ಇನ್ನೂ ನಿಮ್ಮ ಜೊತೆ ಇರಬಹುದೆಂದು ನಂಬಿ, ಈ ಸಲ ಕನ್ನಡದಲ್ಲಿ, ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ನನ್ನ ಅಪ್ಪನ ಪೆನ್ಯುರಿ ಗ್ರಾಂಟ್ ಅರ್ಜಿಯನ್ನು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಿಂದ ದೆಹಲಿಯ ಕೇಂದ್ರೀಯ ಸೈನಿಕ ಮಂಡಳಿಗೆ ಕಳಿಸಿಕೊಡಿ. ಮಂಜೂರು ಮಾಡಿಸಿ ಎನ್ನುತ್ತಿಲ್ಲ. ಕಳಿಸಿ, ಅಷ್ಟೇ.

ನಿಯಮ ನಿಮಗೆ ಗೊತ್ತಿರುವುದೇ. ಹವಾಲ್ದಾರ್ ದರ್ಜೆಯವರೆಗಿನ, ಪಿಂಚಣಿಯಿಲ್ಲದ, 65 ದಾಟಿದ ಮಾಜಿ ಸೈನಿಕರಿಗೆ ಸಿಗುವ ಹಣ ಇದು. ತಿಂಗಳಿಗೆ 4000 ರೂಪಾಯಿ ಇದ್ದದ್ದನ್ನು 2025ರ ನವೆಂಬರ್‌ನಿಂದ 8000 ಮಾಡಿದ್ದಾರೆ. ಆ ಸುದ್ದಿ ಬಂದ ದಿನ ನೀವೂ ಫೇಸ್‌ಬುಕ್ಕಿನಲ್ಲಿ ಅಭಿನಂದನೆ ಹಾಕಿದ್ದಿರಿ, ನಾನು ಲೈಕ್ ಮಾಡಿದ್ದೆ.

ಅಪ್ಪ ಬೆಳಗಾವಿ ಜಿಲ್ಲೆಯ ಹಳ್ಳಿಯವರು. 1966ರಲ್ಲಿ ಬೆಳಗಾವಿಯ ಮರಾಠಾ ಲೈಟ್ ಇನ್ಫಂಟ್ರಿಗೆ ಸಿಪಾಯಿಯಾಗಿ ಸೇರಿದರು. 1971ರ ಡಿಸೆಂಬರ್‌ನಲ್ಲಿ ಬಾಂಗ್ಲಾ ಯುದ್ಧ ನಡೆದಾಗ ಅವರಿದ್ದದ್ದು ಆ ರೆಜಿಮೆಂಟಿನ ಒಂದನೇ ಬೆಟಾಲಿಯನ್ ಆದ ಒಂದನೇ ಮರಾಠಾದಲ್ಲಿ, ಜಂಗಿ ಪಲ್ಟಣ್ ಅನ್ನುತ್ತಾರಲ್ಲ, ಅದರಲ್ಲಿ. ಮೇಘಾಲಯದ ಗಡಿಯಿಂದ ಇಳಿದು ಕಮಾಲ್‌ಪುರ, ಬಕ್ಷಿಗಂಜ್ ದಾಟಿ ಬ್ರಹ್ಮಪುತ್ರದ ದಡದಲ್ಲಿರುವ ಜಮಾಲ್‌ಪುರಕ್ಕೆ ಹೋದ ಪಡೆ. ಊರಲ್ಲಿ ಪಾಕಿಸ್ತಾನದ 31 ಬಲೂಚ್ ಪಲ್ಟಣ್ ಗಟ್ಟಿಯಾಗಿ ಕೂತಿತ್ತು. ಎದುರಿನಿಂದ ನುಗ್ಗುವ ಬದಲು ನಮ್ಮವರು ನದಿ ದಾಟಿ ಊರಿನ ಹಿಂದೆ ಹೋಗಿ ಢಾಕಾ ಕಡೆಯ ರಸ್ತೆಗೆ ಅಡ್ಡ ಕೂತರು. ಡಿಸೆಂಬರ್ 10ರ ರಾತ್ರಿ ಬಲೂಚಿಗಳು ಆ ರಸ್ತೆಯನ್ನು ಒಡೆದು ಹೋಗಲು ಬಂದರು. ಬೆಳಗಿನವರೆಗೂ ಬಂದೂಕಿನ ಬಾಯಿ ಆರಲಿಲ್ಲವಂತೆ. ಅಪ್ಪನ ಪಕ್ಕದ ಮೋರ್ಚಾದಲ್ಲಿದ್ದ ಚಂದಗಡ ಕಡೆಯ ಹುಡುಗ ಅಲ್ಲೇ ಹೋದ. ಅಪ್ಪನ ಎಡಗಿವಿ ಆ ರಾತ್ರಿಯಿಂದ ಅರ್ಧ ಕೇಳುತ್ತದೆ. ಮರುದಿನ ಜಮಾಲ್‌ಪುರ ಕೈಗೆ ಬಂತು, 12ರ ಸಂಜೆ ಪೂಂಗ್ಲಿ ಸೇತುವೆಯ ಹತ್ತಿರ ವಿಮಾನದಿಂದ ಪ್ಯಾರಾಶೂಟಿನಲ್ಲಿ ಇಳಿದಿದ್ದ ನಮ್ಮ ಎರಡನೇ ಪ್ಯಾರಾ ಪಲ್ಟಣಿನವರ ಜೊತೆ ಸೇರಿದರು. ನಾಲ್ಕು ದಿನಕ್ಕೆ ಢಾಕಾ.

ಇಲ್ಲಿ ಒಂದು ಮಾತು ಹೇಳಲೇಬೇಕು. 9ನೇ ತಾರೀಖು ನಮ್ಮ ಬ್ರಿಗೇಡಿಯರ್ ಕ್ಲೇರ್, ಶರಣಾಗಿ ಎಂದು ಜಮಾಲ್‌ಪುರದ ಪಾಕಿಸ್ತಾನಿ ಕಮಾಂಡರ್‌ಗೆ ಪತ್ರ ಕಳಿಸಿದ್ದರು. ಆತ ಒಪ್ಪಲಿಲ್ಲ, ಉತ್ತರದ ಕಾಗದದಲ್ಲಿ ಒಂದು ಗುಂಡು ಸುತ್ತಿ ಕಳಿಸಿದ. ಆದರೆ ಅದೇ ದಿನ ಕಳಿಸಿದ ಸ್ವಾಮಿ! ಯುದ್ಧದ ನಡುವೆ, ಶತ್ರುವಿನ ಪತ್ರಕ್ಕೆ. ನಿಮ್ಮ ಕಚೇರಿಯಲ್ಲಿ ಏಸಿ ಇದೆ, ಮೂವರು ಸಹಾಯಕರಿದ್ದಾರೆ.

1972ರ ಬರ ನಮ್ಮ ಕಡೆಯ ಹೊಲಗಳನ್ನು ಸುಟ್ಟಿತು. ಅಜ್ಜ ತೀರಿಕೊಂಡರು, ಮನೆಯಲ್ಲಿ ಸಣ್ಣ ಸಣ್ಣ ಅತ್ತೆಯಂದಿರು. ಅಪ್ಪ 1973ರಲ್ಲಿ ಮನೆಯ ಕಾರಣ ಕೊಟ್ಟು ಬಿಡುಗಡೆ ಕೇಳಿ ಬಂದರು. ಹದಿನೈದು ವರ್ಷ ತುಂಬದ ಸಿಪಾಯಿಗೆ ಪಿಂಚಣಿ ಇಲ್ಲ, ಪಿಂಚಣಿ ಇಲ್ಲದ್ದರಿಂದ ಇಸಿಎಚ್‌ಎಸ್ ಎಂಬ ಮಾಜಿ ಸೈನಿಕರ ಆಸ್ಪತ್ರೆ ಕಾರ್ಡೂ ಇಲ್ಲ. ಅದರ ಬಗ್ಗೆ ನಮಗೆ ತಕರಾರಿಲ್ಲ, ಕರಾರು ಕರಾರೇ. ಆ ವರ್ಷಗಳಲ್ಲಿ ಹಾಗೆ ಬಿಡುಗಡೆಯಾದವರು ಮಾಜಿ ಸೈನಿಕರೇ ಎಂಬುದೂ ಕರಾರಿನಲ್ಲೇ ಇದೆ.

ಆಮೇಲೆ ಮುಂಬೈ. ಲಾಲ್‌ಬಾಗ್ ಕಡೆಯ ಒಂದು ಬಟ್ಟೆ ಗಿರಣಿಯ ಗೇಟಿನಲ್ಲಿ ಕಾವಲು. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಗಿರಣಿ ಮುಷ್ಕರ ಶುರುವಾಯಿತು. ಆಮೇಲೆ ಆ ಗೇಟು ಅಪ್ಪನ ಪಾಲಿಗೆ ತೆರೆಯಲೇ ಇಲ್ಲ. ಅಮ್ಮ ಮನೆಯಲ್ಲಿ ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟರು. ಅಪ್ಪ ಸೊಸೈಟಿ ಕಟ್ಟಡಗಳ ವಾಚ್‌ಮನ್ ಆದರು. ಹನ್ನೆರಡು ತಾಸಿನ ಪಾಳಿ, ಎಪ್ಪತ್ತು ದಾಟುವವರೆಗೂ. ಬಲೂಚಿಗಳನ್ನು ರಸ್ತೆಯಲ್ಲಿ ತಡೆದ ಮನುಷ್ಯ ಕೊರಿಯರ್ ಹುಡುಗರನ್ನು ತಡೆದು ವಹಿಯಲ್ಲಿ ಹೆಸರು ಬರೆಸಿಕೊಳ್ಳುತ್ತಿದ್ದರು. ಅವರಿಗೆ ಅದರಲ್ಲಿ ಬೇಸರವಿರಲಿಲ್ಲ, ನನಗಿತ್ತು.

ಈಗ ಕಾಗದದ ಕಥೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆಯಾಯಿತಲ್ಲ, ಆಗ ನಾವು ಕುರ್ಲಾದಲ್ಲಿ ಮೀಠಿ ನದಿಯ ಹತ್ತಿರವಿದ್ದೆವು. ನೀರು ಅಟ್ಟದವರೆಗೆ ಬಂತು. 1971ರ ಯುದ್ಧಕ್ಕೆ ಸಿಕ್ಕ ಪೂರ್ವಿ ಸ್ಟಾರ್ ಮತ್ತು ಸಂಗ್ರಾಮ್ ಪದಕ ಡಬ್ಬಿಯಲ್ಲಿ ಉಳಿದವು. ಸೈನ್ಯ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ ಅಂಬಲಿಯಾಯಿತು.

ಕಳೆದುಹೋದ ಡಿಸ್ಚಾರ್ಜ್ ಬುಕ್ಕಿಗೆ ಇನ್ನೊಂದು ಪ್ರತಿ ಕೊಡುವುದಿಲ್ಲ, ಬದಲಿಗೆ ಸೇವಾ ಪ್ರಮಾಣಪತ್ರ ಕೊಡುತ್ತಾರೆ. ಪಿಂಚಣಿಯಿಲ್ಲದವರ ಸೇವಾ ಕಡತಗಳನ್ನು 25 ವರ್ಷದ ಮೇಲೆ ನಾಶ ಮಾಡುತ್ತಾರೆ, ಆದರೆ ಲಾಂಗ್ ರೋಲ್ ಎಂಬ ದೊಡ್ಡ ವಹಿ ಕಾಯಂ ಇರುತ್ತದೆ. ಬೆಳಗಾವಿಯಲ್ಲಿರುವ ರೆಜಿಮೆಂಟಿನ ದಾಖಲೆ ಕಚೇರಿ ರೆಕಾರ್ಡ್ಸ್‌ನವರು ಆ ವಹಿ ತೆಗೆದು, ಅಪ್ಪನ ನಂಬರು, ಸೇರಿದ ದಿನ, ಬಿಟ್ಟ ದಿನ ನೋಡಿ, ಸಹಿ-ಸಿಕ್ಕೆ ಹಾಕಿ ಪ್ರಮಾಣಪತ್ರ ಕಳಿಸಿದರು. ಅವರಿಗೆ ಕೈಮುಗಿಯುತ್ತೇನೆ. ಪಲ್ಟಣ್ ತನ್ನ ಸಿಪಾಯಿಯನ್ನು ಮರೆತಿಲ್ಲ.

ಮರೆತದ್ದು ನಮ್ಮ ಜಿಲ್ಲೆಯ ಕಚೇರಿ. ಯಾವುದೆಂದು ನೀವು ಬಲ್ಲಿರಿ, ಹೆಸರು ಹಾಕಿ ಮಾನ ಕಳೆಯುವುದಿಲ್ಲ. “ಮೂಲ ಪುಸ್ತಕ ತನ್ನಿ.” ಇಲ್ಲವಲ್ಲ ಸ್ವಾಮಿ, ಅದಕ್ಕೇ ಪ್ರಮಾಣಪತ್ರ. “ಆಧಾರ್‌ನಲ್ಲಿ ಹೆಸರಿನ ಒಂದು ಅಕ್ಷರ ಬೇರೆ ಇದೆ.” ಅಫಿಡವಿಟ್ ಕೊಟ್ಟೆವು. “ಇವರು ಕರ್ನಾಟಕದವರು, ಅಲ್ಲಿ ಕೇಳಿ.” ಅಲ್ಲಿ ಕೇಳಿದರೆ, ವಾಸ ಮುಂಬೈಯಲ್ಲಿ, ಅಲ್ಲೇ ಕೇಳಿ. ಅರ್ಧ ಶತಮಾನದಿಂದ ಈ ಊರಿಗೆ ಬಾಡಿಗೆ, ತೆರಿಗೆ, ಮತ ಕೊಟ್ಟ ಮನುಷ್ಯ ಎಲ್ಲಿಯವನೆಂದು ಇನ್ನೂ ತೀರ್ಮಾನವಾಗಬೇಕಂತೆ. ಪ್ರತಿ ಸಲ ನನ್ನ ಒಂದು ದಿನದ ಸಂಬಳ ಹೋಗುತ್ತದೆ. ಅಪ್ಪನನ್ನು ಲೋಕಲ್ ಹತ್ತಿಸಿ ಇಳಿಸುವಷ್ಟರಲ್ಲಿ ನನ್ನ ಜೀವ ಹೋಗುತ್ತದೆ. ಅರ್ಜಿ ಕಳಿಸಿ.

ಇಷ್ಟಾದರೂ ನಾನು ಬಹಿರಂಗ ಪತ್ರ ಬರೆಯುವವಳಲ್ಲ. ಬರೆಸಿದ್ದು 1971ರ ಗೆಲುವನ್ನು ನೆನೆಯುವ ನಿಮ್ಮ ವಿಜಯ ದಿವಸದ ಕಾರ್ಯಕ್ರಮ.

ಹೋದ ಡಿಸೆಂಬರ್ 16ಕ್ಕೆ ನಿಮ್ಮ ಹುಡುಗರು ಮನೆಗೆ ಬಂದು, “ಬಾಬಾ, ತುಮಚಾ ಸತ್ಕಾರ್ ಆಹೆ”, ನಿಮಗೆ ಸನ್ಮಾನ ಇದೆ ಎಂದು ಅಪ್ಪನನ್ನು ಕರೆದೊಯ್ದರು. ಪದಕ ಹಾಕಿಕೊಂಡೇ ಬರಬೇಕೆಂದರು. ಬಿಸಿಲಿನಲ್ಲಿ ಕೂರಿಸಿದರು. ನೀವು ಬರಲು ಎರಡು ತಾಸು ತಡವಾಯಿತು, ಇರಲಿ. ಶಾಲು ಹೊದಿಸಿದಿರಿ, ತೆಂಗಿನಕಾಯಿ ಕೊಟ್ಟಿರಿ, ಅಪ್ಪನ ಕಾಲಿಗೆ ಬಗ್ಗಿದಿರಿ, ಫೋಟೋ ಚೆನ್ನಾಗಿ ಬಂತು. ಆ ಫೋಟೋ ನಿಮ್ಮ ಹುಟ್ಟುಹಬ್ಬದ ಬ್ಯಾನರಿನಲ್ಲಿ ಸ್ಟೇಷನ್ನಿನ ಹೊರಗೆ ತೂಗಾಡುತ್ತಿತ್ತು, “ಮಾಜಿ ಸೈನಿಕರ ಆಧಾರಸ್ತಂಭ” ಎಂಬ ಬರಹದ ಕೆಳಗೆ. ಆ ಸಭೆಗೆ ಕರೆಯಬೇಕಾದವರ ಪಟ್ಟಿ ಕೊಟ್ಟದ್ದು ಅದೇ ಜಿಲ್ಲಾ ಕಚೇರಿ. ಮುಂದಿನ ವಾರ ಅಪ್ಪನನ್ನು ಕರೆದುಕೊಂಡು ಅಲ್ಲಿಗೆ ಹೋದರೆ ಗುಮಾಸ್ತ ಕಂಪ್ಯೂಟರ್ ನೋಡಿ ಹೇಳುತ್ತಾನೆ: ಇವರು ಮಾಜಿ ಸೈನಿಕರೆಂದು ನಮ್ಮಲ್ಲಿ ದಾಖಲೆ ಇಲ್ಲ.

ನಾನು ಮೊಬೈಲಿನಲ್ಲಿ ಬ್ಯಾನರ್ ತೋರಿಸಿದೆ. “ಅದು ಕಾರ್ಯಕ್ರಮ ಮೇಡಂ, ಇದು ಫೈಲು” ಎಂದ. ಆಮೇಲೆ ಅಪ್ಪನ ಕಡೆ ತಿರುಗಿ, “ಯುದ್ಧದಲ್ಲಿದ್ದ ಫೋಟೋ ಏನಾದರೂ ಇದೆಯಾ?” ಎಂದು ಕೇಳಿದ. ಅಪ್ಪನಿಗೆ ಕೇಳಿಸಲಿಲ್ಲ, ಎಡಗಿವಿಯ ಕಡೆ ಕೂತಿದ್ದ. ನನ್ನನ್ನು ಕೇಳಿದರು, “ಏನಂತಾನವ್ವಾ?” ನಾನು ಹೇಳಲಿಲ್ಲ.

ಶಾಸಕರೇ, ಶಾಲು ಹೊದಿಸುವಾಗ ಡಿಸ್ಚಾರ್ಜ್ ಬುಕ್ ಯಾರೂ ಕೇಳಲಿಲ್ಲವಲ್ಲ? ಕಾಲಿಗೆ ಬೀಳುವ ಮೊದಲು ಆಧಾರಿನ ಅಕ್ಷರ ನೋಡಿದಿರಾ?

ಕೋಪ ಜಾಸ್ತಿಯಾಯಿತು. ಆದರೂ ಇದನ್ನು ಅಳಿಸುವುದಿಲ್ಲ.

ಜಿಲ್ಲಾ ಸೈನಿಕ ಮಂಡಳಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ನಿಮ್ಮ ಲೆಟರ್‌ಹೆಡ್ಡಿನಲ್ಲಿ ಅವರಿಗೆ ಎರಡು ಸಾಲು ಬರೆದರೆ ಆಗುವ ಕೆಲಸ: ರೆಕಾರ್ಡ್ಸ್ ಕೊಟ್ಟ ಪ್ರಮಾಣಪತ್ರವನ್ನು ಒಪ್ಪಿಕೊಳ್ಳಿ, ಅರ್ಜಿ ಮುಂದೆ ಕಳಿಸಿ. ದೆಹಲಿಯವರು ಇಲ್ಲ ಎಂದರೆ ಇಲ್ಲ. ಆ ಇಲ್ಲವನ್ನು ದೆಹಲಿಯವರೇ ಹೇಳಲಿ, ಜಿಲ್ಲಾ ಕಚೇರಿಯ ಗುಮಾಸ್ತ ಬೇಡ. ಅರ್ಜಿ ಕಳಿಸಿ.

ಪ್ರಮಾಣಪತ್ರ, ಅಫಿಡವಿಟ್, ಪದಕಗಳ ಫೋಟೋ ಎಲ್ಲದರ ಪ್ರತಿಗಳನ್ನು ಇನ್ನೊಮ್ಮೆ ನಿಮ್ಮ ಕಚೇರಿಯ ಟಪಾಲಿನಲ್ಲಿ ಕೊಟ್ಟು ಸಿಕ್ಕೆ ಹಾಕಿಸಿಕೊಂಡಿದ್ದೇನೆ. ಬ್ಯಾನರಿನ ಫೋಟೋವನ್ನೂ ಲಗತ್ತಿಸಿದ್ದೇನೆ. ಮುಂದಿನ ವಿಜಯ ದಿವಸಕ್ಕೆ ಅಪ್ಪನನ್ನು ಕರೆಯಲು ಹುಡುಗರು ಬರುವುದಾದರೆ, ಅರ್ಜಿ ದೆಹಲಿಗೆ ಹೋದ ನಂಬರ್ ತಂದುಕೊಟ್ಟು ಕರೆಯಲಿ. ನಂಬರ್ ಇಲ್ಲದಿದ್ದರೆ ಈ ಸಲ ಅಪ್ಪ ಬರುವುದಿಲ್ಲ.

ಇತಿ,
ಒಂದನೇ ಮರಾಠಾದ ಸಿಪಾಯಿಯ ಮಗಳು,
ನಿಮ್ಮ ಮತದಾರಳು