ಸದಸ್ಯನನ್ನೇ ಬಾಗಿಲಲ್ಲಿ ನಿಲ್ಲಿಸಿದ ನಿಮ್ಮ ಬೆಳಗಿನ ಕಲಾ ಮಾತುಕತೆ ಬಗ್ಗೆ ದೂರು

ಇವರಿಗೆ,
ಸದಸ್ಯತ್ವ ವಿಭಾಗದ ಮುಖ್ಯಸ್ಥರು,
ಕಲಾ ಮ್ಯೂಸಿಯಂ, ಬೆಂಗಳೂರು

ಮಾನ್ಯರೇ,

ಫೋನ್ ಮಾಡಿ ಮಾಡಿ ಸಾಕಾಗಿ ಬರೆಯುತ್ತಿದ್ದೇನೆ. ಪ್ರತಿ ಸಲವೂ "ಸಂಬಂಧಪಟ್ಟವರಿಗೆ ತಿಳಿಸ್ತೀವಿ ಸರ್" ಅಂದಿರಿ. ಆ ಸಂಬಂಧಪಟ್ಟವರು ಯಾರು ಅಂತ ನಿಮಗಾದರೂ ಗೊತ್ತಾ?

ಎರಡನೇ ಶನಿವಾರದ ಮಾತುಕತೆಗೆ ವಾರ್ಷಿಕ ಸದಸ್ಯರು ಮೊದಲೇ ಹೆಸರು ಕೊಡಬೇಕಿಲ್ಲ, ಕಾರ್ಡ್ ತೋರಿಸಿದರೆ ಸಾಕು. ಇದು ನೀವೇ ಕೊಟ್ಟ ಕಾರ್ಡಿನ ಹಿಂದೆ ಅಚ್ಚಾಗಿದೆ. ನಿಮ್ಮ ನಿಯಮ ನಿಮಗೆ ಗೊತ್ತಿರುತ್ತದೆ ಅಲ್ವಾ, ಅದನ್ನು ನಾನು ವಿವರಿಸಲು ಹೋಗುವುದಿಲ್ಲ.

ಈ ತಿಂಗಳ ವಿಷಯ ಮೈಸೂರು ಸಾಂಪ್ರದಾಯಿಕ ಚಿತ್ರಕಲೆ. 10.30ಕ್ಕೆ ಶುರು. 10.15ಕ್ಕೇ ಕೌಂಟರಿನಲ್ಲಿದ್ದೆ.

"ಅಂಕಲ್, ಕ್ಯೂಆರ್ ಕೋಡ್ ತೋರಿಸಿ."

"ನಾನು ಸದಸ್ಯ ಕಣಪ್ಪ, ಕಾರ್ಡ್ ಇದೆ."

"ಅದು ಓಕೆ. ಕ್ಯೂಆರ್?"

ಕಾರ್ಡ್ ತಿರುಗಿಸಿ, ಆ ಸಾಲಿನ ಕೆಳಗೆ ಬೆರಳಿಟ್ಟು ಓದಿ ಹೇಳಿದೆ. ಹುಡುಗ ಅದನ್ನು ಖೋಟಾ ನೋಟಿನ ಹಾಗೆ ಬೆಳಕಿಗೆ ಹಿಡಿದು ನೋಡಿ, ಪಕ್ಕದ ಹುಡುಗಿಗೆ ದಾಟಿಸಿದ. ಆಕೆ ಕಾರ್ಡ್ ಬಿಟ್ಟು ನನ್ನನ್ನು ನೋಡಿದಳು. ಪಂಚೆಯಿಂದ ಚಪ್ಪಲಿವರೆಗೆ. "ಅಂಕಲ್, ಟಾಕ್ ಪೂರ್ತಿ ಇಂಗ್ಲಿಷಲ್ಲಿ ಇರತ್ತೆ. ಕೆಳಗಡೆ ಮಕ್ಕಳಿಗೆ ಬಣ್ಣ ಹಚ್ಚೋ ವರ್ಕ್‌ಶಾಪ್ ಇದೆ, ಕನ್ನಡದಲ್ಲೇ. ಬೇಕಾದ್ರೆ ಅಲ್ಲಿ ಕೂತ್ಕೊಳ್ಳಿ." ಹಿಂದೆ ನಿಂತಿದ್ದವರು ಕಿಸಕ್ಕನೆ ನಕ್ಕರು. ನಾನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತನಾದವನು.

ಆಮೇಲೆ "ಹಾಲ್ ಫುಲ್" ಅಂದರು. ಗಾಜಿನ ಬಾಗಿಲಾಚೆ ಮುಂದಿನ ಸಾಲು ಪೂರ್ತಿ ಖಾಲಿ. ಅದು ಪ್ರಾಯೋಜಕರ ಅತಿಥಿಗಳಿಗಂತೆ. ಮಾತುಕತೆ ಶುರುವಾಗಿ ಎಷ್ಟೋ ಹೊತ್ತಾದ ಮೇಲೆ ಇಬ್ಬರು ಕಾಫಿ ಕಪ್ ಹಿಡಿದುಕೊಂಡು ಬಂದರು, ಸೀದಾ ಒಳಗೆ ಹೋದರು. ಅವರನ್ನು ಯಾರೂ ಕೋಡ್ ಕೇಳಲಿಲ್ಲ. ನನಗೆ ಕೂರಲು ಒಂದು ಸ್ಟೂಲ್ ಕೂಡ ಇರಲಿಲ್ಲ.

ಸುಮ್ನೆ ನಿಂತಿದ್ದರಿಂದ ನಿಮ್ಮ ಪೋಸ್ಟರನ್ನು ಚೆನ್ನಾಗಿ ನೋಡುವ ಭಾಗ್ಯ ಸಿಕ್ಕಿತು. ಮೈಸೂರು ಶೈಲಿಯ ಮಾತುಕತೆಗೆ ನೀವು ಹಾಕಿದ್ದು ತಂಜಾವೂರು ಚಿತ್ರ! ದಪ್ಪಗೆ ಉಬ್ಬಿದ ಕೆಲಸ, ಗಾಜಿನ ಹರಳು, ಗುಂಡು ಮುಖದ ಬಾಲಕೃಷ್ಣ. ನಮ್ಮ ಮೈಸೂರಿನ ಜೆಸ್ಸೊ ಕೆಲಸ, ಅಂದರೆ ಚಿನ್ನದ ಕೆಳಗಿನ ಉಬ್ಬು ಲೇಪ, ಬಹಳ ತೆಳು. ಸಫೇದ ಎಂಬ ಬಿಳಿ ಪುಡಿಗೆ ಅಂಟು, ರೇವಲ್ಚಿನ್ನಿ ಹಾಲು (ಹಳದಿ ಬಣ್ಣದ ಮರದಂಟು) ಕಲಸಿ, ಸಣ್ಣ ಕುಂಚದಲ್ಲಿ ಸೀರೆಯ ಅಂಚು, ಒಡವೆಗಳನ್ನು ಎಳೆ ಎಳೆಯಾಗಿ ಎತ್ತಿ, ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು ಬೆಳೆಸಿದ ಕಲೆ ಇದು. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದರೆ ಕಣ್ಣಾರೆ ನೋಡಬಹುದು. ಪೋಸ್ಟರ್ ಮಾಡಿದವರಿಗೆ ಬಸ್ ಚಾರ್ಜ್ ಕೊಟ್ಟು ಕಳಿಸಿ. ಅದೂ ಕಷ್ಟ ಅಂದರೆ ಕೆಳಗಡೆ ವರ್ಕ್‌ಶಾಪ್ ಇದೆಯಲ್ಲ, ಅಲ್ಲಿ ಕೂರಿಸಿ.

ಇಷ್ಟು ಖಾರವಾಗಿ ಬರೆಯಬಾರದು ಅಂದುಕೊಂಡಿದ್ದೆ. ಇರಲಿ.

ಸದಸ್ಯತ್ವದ ಹಣ ಪೂರ್ತಿ ವಾಪಸ್ ಬರಬೇಕು, ಬರವಣಿಗೆಯಲ್ಲಿ ಕ್ಷಮೆ ಕೇಳಬೇಕು. 15 ದಿನ ಕಾಯುತ್ತೇನೆ. ಆಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ನಿವೃತ್ತನಾದ ಮೇಲೆ ನನಗೆ ಬಿಡುವೂ ಜಾಸ್ತಿ.

ಇನ್ನೊಂದು ಮಾತು. ಮುಂದಿನ ಎರಡನೇ ಶನಿವಾರ ನನ್ನ ಹಳೇ ವಿದ್ಯಾರ್ಥಿಗಳ ಜೊತೆ ಬರುತ್ತಿದ್ದೇನೆ. ಅವರಲ್ಲಿ ಕೆಲವರು ಪತ್ರಿಕೆಯಲ್ಲಿದ್ದಾರೆ. ಎಲ್ಲರೂ ಕ್ಯೂಆರ್ ಕೋಡ್ ತಂದಿರುತ್ತಾರೆ, ಪ್ರಶ್ನೆಗಳನ್ನು ಕನ್ನಡದಲ್ಲೇ ಕೇಳುತ್ತಾರೆ. ನೀವು ಹಣ ವಾಪಸ್ ಕೊಟ್ಟರೂ ಬರುತ್ತೇವೆ.

ಇತಿ,
ಸದ್ಯಕ್ಕೆ ನಿಮ್ಮ ವಾರ್ಷಿಕ ಸದಸ್ಯ