ಮೆಟ್ಟಿಲನ್ನು ಮತ್ತೆ ಹತ್ತಿದವಳು

ಪ್ರೀತಿಯ ತಮ್ಮನಿಗೆ,

ನಿನ್ನ ವಿಮಾನ ಅಪಹರಣದ ಕಥೆಯನ್ನು ಎರಡು ಸಲ ಓದಿದೆ. ಅಪಹರಣಕಾರನ ಕಪ್ಪು ಕನ್ನಡಕಕ್ಕೆ ಅರ್ಧ ಪುಟ ಕೊಟ್ಟಿದ್ದೀಯೆ. ಗಗನಸಖಿಯರಿಗೆ ಸಿಕ್ಕಿದ್ದು ಒಂದೇ ಸಾಲು: 'ಅವರು ಭಯದಿಂದ ನಡುಗುತ್ತಿದ್ದರು.' ಆ ಸಾಲು ಓದಿ ಮನಸ್ಸಿಗೆ ನೋವಾಯಿತು.

ನೀನು ಆಧರಿಸಿರುವುದು 1971ರ ನವೆಂಬರ್ 24ರ ಘಟನೆಯನ್ನಲ್ಲವೇ? ಅಮೆರಿಕದ ಪೋರ್ಟ್‌ಲ್ಯಾಂಡಿನಿಂದ ಸಿಯಾಟಲ್‌ಗೆ ಹೊರಟಿದ್ದ ಬೋಯಿಂಗ್ 727. ಡ್ಯಾನ್ ಕೂಪರ್ ಎಂಬ ಹೆಸರಿನಲ್ಲಿ ಟಿಕೆಟ್ ಕೊಂಡವನೊಬ್ಬ ಬಾಂಬ್ ಇದೆಯೆಂದು ಬೆದರಿಸಿ 2 ಲಕ್ಷ ಡಾಲರ್, 4 ಪ್ಯಾರಾಚೂಟ್ ಕೇಳಿದ. ಅದೇ ರಾತ್ರಿ ವಿಮಾನದ ಹಿಂಬದಿಯ ಮೆಟ್ಟಿಲಿಳಿದು ಕತ್ತಲಿಗೆ ಹಾರಿದ. ಅವನು ಯಾರೆಂದು ಇಂದಿಗೂ ಗೊತ್ತಾಗಿಲ್ಲ. ಯಾರೆಂದೇ ತಿಳಿಯದವನ ಮನಸ್ಸನ್ನು ಹತ್ತು ಪುಟ ಬಗೆದಿದ್ದೀಯೆ. ಆ ಹೊತ್ತಿನಲ್ಲಿ ಏನು ಮಾಡಿದರೆಂದು ದಾಖಲಾಗಿರುವವರನ್ನು ಕೈಬಿಟ್ಟಿದ್ದೀಯೆ.

ಗಗನಸಖಿ ಟೀನಾ ಮಕ್ಲೋ ಎಂಬಾಕೆಯನ್ನು ನೋಡು. ವಯಸ್ಸು 22. ಬಾಂಬಿದೆ ಎಂದವನ ಪಕ್ಕದ ಸೀಟಿನಲ್ಲೇ ಗಂಟೆಗಟ್ಟಲೆ ಕುಳಿತಳು. ಅವನಿಗೆ ಸಿಗರೇಟು ಹಚ್ಚಿಕೊಟ್ಟಳು, ಅವನ ಬೇಡಿಕೆಗಳನ್ನು ಒಳಫೋನಿನಲ್ಲಿ ಕಾಕ್‌ಪಿಟ್‌ಗೆ ಮುಟ್ಟಿಸಿದಳು. ಅತ್ತ ಕ್ಯಾಪ್ಟನ್ ವಿಲಿಯಂ ಸ್ಕಾಟ್, ಸಣ್ಣ ಯಾಂತ್ರಿಕ ತೊಂದರೆಯಿಂದ ತಡವಾಗುತ್ತಿದೆ ಎಂದು ಪ್ರಯಾಣಿಕರಿಗೆ ತಿಳಿಸಿ, ಕೆಳಗೆ ಹಣ ಸಿದ್ಧವಾಗುವವರೆಗೆ ಸುಮಾರು ಎರಡು ಗಂಟೆ ವಿಮಾನವನ್ನು ಆಕಾಶದಲ್ಲೇ ಸುತ್ತಿಸಿದರು. ಗದ್ದಲವೇಳಲಿಲ್ಲ. ಎಂಥ ಕೆಲಸ ಅದು!

ಸಿಯಾಟಲ್‌ನಲ್ಲಿ ಇಳಿದ ಮೇಲಿನದು ಇನ್ನೂ ದೊಡ್ಡದು. ಹಣದ ಚೀಲ ತರಲು ಟೀನಾ ಕೆಳಗಿಳಿದಳು. 20 ಡಾಲರಿನ ಹತ್ತು ಸಾವಿರ ನೋಟು. ಕಾಲ ಕೆಳಗೆ ನೆಲವಿತ್ತು, ಎದುರಿಗೆ ವಿಮಾನನಿಲ್ದಾಣದ ದೀಪಗಳಿದ್ದವು. ಒಳಗೆ 36 ಪ್ರಯಾಣಿಕರಿದ್ದರು. ಆಕೆ ಚೀಲದೊಂದಿಗೆ ಮತ್ತೆ ಮೆಟ್ಟಿಲು ಹತ್ತಿದಳು. ಪ್ರಯಾಣಿಕರೆಲ್ಲ ಹೊರಬಂದರು; ಆಕೆ ಒಳಗೇ ಉಳಿದಳು. ವಿಮಾನ ಮತ್ತೆ ಮೇಲೇರಿತು.

ನಡುಗಿದಳೋ ಇಲ್ಲವೋ, ಅದನ್ನು ನೀನು ಹೇಳಬೇಕಾಗಿಲ್ಲ. ಕೈಗಳು ಏನು ಮಾಡಿದವು ಎಂಬುದನ್ನು ಬರೆ. ಬೆಂಕಿಕಡ್ಡಿ ಗೀರಿದ್ದು, ಫೋನು ಹಿಡಿದದ್ದು, ಚೀಲದ ಭಾರಕ್ಕೆ ಭುಜ ವಾಲಿದ್ದು. ಭಯ ಅಲ್ಲಿ ತಾನಾಗಿ ಬಂದು ಕೂರುತ್ತದೆ. ನಾನು ಇದನ್ನು ಕಲಿಯುವಷ್ಟರಲ್ಲಿ ಎರಡು ಕಥಾಸಂಕಲನ ಅಚ್ಚಾಗಿಬಿಟ್ಟಿದ್ದವು. ನಿನಗೆ ಅಷ್ಟು ತಡವಾಗಬಾರದೆಂದೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಆ ಮೆಟ್ಟಿಲ ಬುಡದಿಂದ ಶುರು ಮಾಡಿ ಹೊಸದಾಗಿ ಬರೆ. ದೀಪಾವಳಿಗೆ ಊರಿಗೆ ಬರುವಾಗ ತಂದುಕೊಡು, ಜಗಲಿಯಲ್ಲಿ ಕುಳಿತು ಓದೋಣ.

ಇಂತು,
ನಿನ್ನ ಅಕ್ಕ